ಅಂಗಡಿಯ ಲೆಕ್ಕದಿಂದ ರಾಜ್ಯದ ಪಾರುಪತ್ಯಕ್ಕೆ: ದಿವಾನ್ ಪೂರ್ಣಯ್ಯ

ನಮ್ಮ ಶಾಲೆಯಲ್ಲಿ ಓದಿ ಹೋದವರಲ್ಲಿ ಇಂದು ಮೇಷ್ಟ್ರುಗಳಿದ್ದಾರೆ, ಪೊಲೀಸರಿದ್ದಾರೆ, ಸಹಕಾರ ಸಂಘದ ಕಾರ್ಯದರ್ಶಿಗಳಿದ್ದಾರೆ. ಬ್ಯಾಂಕುಗಳಲ್ಲಿ, ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ, ಬೆಂಗಳೂರಿನ ಕಂಪನಿಗಳಲ್ಲಿ ಮ್ಯಾನೇಜರುಗಳಾಗಿರುವವರೂ ಇದ್ದಾರೆ. ಈಚೆಗೆ ಎಂ.ಬಿ.ಎ. ಓದುವ ಮಕ್ಕಳು ನಮ್ಮ ಊರುಗಳಲ್ಲೂ ಹೆಚ್ಚಾಗುತ್ತಿದ್ದಾರೆ. ಊರಿನ ಹಿರಿಯರಿಗೆ ಮಾತ್ರ ಇದು ಅಷ್ಟಾಗಿ ಅರ್ಥವಾಗಿಲ್ಲ. ಡಾಕ್ಟರು ಔಷಧ ಕೊಡುತ್ತಾರೆ, ಎಂಜಿನಿಯರು ಸೇತುವೆ ಕಟ್ಟುತ್ತಾರೆ, ಈ ಮ್ಯಾನೇಜರು ಮಾಡುವುದಾದರೂ ಏನು ಎಂದು ಅವರು ಕೇಳುತ್ತಾರೆ. ಸಹಜವಾದ ಪ್ರಶ್ನೆಯೇ. ಆದರೆ ಹೆಸರು ಹೊಸದೇ ಹೊರತು ಕಸುಬು ಹೊಸದಲ್ಲ. ನಮ್ಮ ಕಡೆ ಇದಕ್ಕೆ ಪಾರುಪತ್ಯ ಎಂಬ ಹಳೆಯ ಮಾತಿದೆ. ದೇವಸ್ಥಾನದ ಪಾರುಪತ್ತೇಗಾರರು ಪೂಜೆ ಮಾಡುವವರಲ್ಲ, ವಾಲಗ ಊದುವವರಲ್ಲ, ಅಡಿಗೆ ಮಾಡುವವರೂ ಅಲ್ಲ. ಆದರೆ ಅವರಿಲ್ಲದಿದ್ದರೆ ಜಾತ್ರೆಯ ದಿನ ಎಣ್ಣೆ ಇದ್ದರೆ ಬತ್ತಿ ಇರುವುದಿಲ್ಲ, ಅಕ್ಕಿ ಇದ್ದರೆ ಸೌದೆ ಇರುವುದಿಲ್ಲ.

ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಹಿರಿಯರ ಜೀವನವನ್ನು ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದಾಗ ನನಗೆ ನೆನಪಾದವರು ದಿವಾನ್ ಪೂರ್ಣಯ್ಯನವರು. ನಾನು ಖಜಾನೆಯ ಲೆಕ್ಕದಲ್ಲಿ ತಲೆ ನರೆಸಿಕೊಂಡವನಾದ್ದರಿಂದ ಲೆಕ್ಕದವರ ಮೇಲೆ ಒಂದಿಷ್ಟು ಅಭಿಮಾನ ಇರಬಹುದು. ಓದುಗರು ಅದನ್ನು ಕಳೆದು ಓದಿಕೊಳ್ಳಲಿ. ಪೂರ್ಣಯ್ಯನವರು ಹೈದರಾಲಿಯ ಕಾಲದಲ್ಲಿ ಕೆಲಸಕ್ಕೆ ಸೇರಿದರು, ಟಿಪ್ಪು ಸುಲ್ತಾನರ ಕಾಲದಲ್ಲಿ ಮಂತ್ರಿಯಾಗಿದ್ದರು, ಆ ರಾಜ್ಯ ಬಿದ್ದ ಮೇಲೆ ಒಡೆಯರ ವಂಶದ ಬಾಲಕ ದೊರೆಗೆ ದಿವಾನರಾದರು. ಮೂರು ಯಜಮಾನಿಕೆಗಳ ಕೆಳಗೆ ಒಬ್ಬರೇ ಹೀಗೆ ಉಳಿದುಕೊಂಡದ್ದನ್ನು ಕೆಲವರು ದಕ್ಷತೆ ಎನ್ನುತ್ತಾರೆ, ಕೆಲವರು ಗೋಸುಂಬೆತನ ಎನ್ನುತ್ತಾರೆ. ಸರ್ಕಾರ ಬದಲಾದರೂ ಅದೇ ಕುರ್ಚಿಯಲ್ಲಿ ಕೂತು ಕೆಲಸ ಮಾಡಬೇಕಾದ ನಮ್ಮಂಥ ನೌಕರರಿಗೆ ಈ ಪ್ರಶ್ನೆ ಬರೀ ಇತಿಹಾಸದ ಪ್ರಶ್ನೆಯಲ್ಲ.

ಪೂರ್ಣಯ್ಯನವರು ಹುಟ್ಟಿದ್ದು 1746ರಲ್ಲಿ, ಇಂದಿನ ತಮಿಳುನಾಡಿನ ಸೀಮೆಯಲ್ಲಿ, ಒಂದು ಬಡ ಮಾಧ್ವ ಬ್ರಾಹ್ಮಣ ಕುಟುಂಬದಲ್ಲಿ. ತಂದೆ ಕೃಷ್ಣಾಚಾರ್ಯರು ಮಗ ಇನ್ನೂ ಹುಡುಗನಾಗಿರುವಾಗಲೇ ತೀರಿಕೊಂಡರು. ಮನೆ ನಡೆಯಬೇಕಿತ್ತು. ಹುಡುಗ ರಂಗಶೆಟ್ಟಿ ಎಂಬ ವರ್ತಕರ ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿಕೊಂಡರು. ಮಠದಲ್ಲಿ ಕೂತು ಶಾಸ್ತ್ರ ಓದಬೇಕಾಗಿದ್ದ ವಯಸ್ಸಿನಲ್ಲಿ ಅವರು ಓದಿದ್ದು ಜಮಾ ಖರ್ಚಿನ ಕಡತ. ಯಾವ ಸರಕು ಎಷ್ಟು ಬಂತು, ಯಾರ ಬಾಕಿ ಎಷ್ಟು ಉಳಿಯಿತು, ಯಾವ ಊರಿನ ಸೇರು ಎಷ್ಟು ತೂಗುತ್ತದೆ ಎಂಬುದು ಅವರ ಪಾಠವಾಯಿತು. ಆ ಕಾಲದಲ್ಲಿ ಹತ್ತು ಮೈಲಿಗೊಂದು ಅಳತೆ, ಪಟ್ಟಣಕ್ಕೊಂದು ನಾಣ್ಯ. ವರಾಹ, ಹಣ, ರೂಪಾಯಿಗಳನ್ನು ಒಂದಕ್ಕೊಂದು ತಾಳೆ ಹಾಕುವುದೇ ದೊಡ್ಡ ವಿದ್ಯೆಯಾಗಿತ್ತು. ಕನ್ನಡ, ಮರಾಠಿ, ಪಾರ್ಸಿ ಭಾಷೆಗಳೂ ಅವರಿಗೆ ಒಗ್ಗಿದವು.

ರಂಗಶೆಟ್ಟಿಯವರ ವ್ಯಾಪಾರಕ್ಕೆ ಶ್ರೀರಂಗಪಟ್ಟಣದ ದೊಡ್ಡ ಸಾಹುಕಾರ ಅನ್ನದಾನ ಶೆಟ್ಟಿಯವರ ಸಂಬಂಧವಿತ್ತು. ಅವರು ಹೈದರಾಲಿಯ ಅರಮನೆಗೂ ಸೈನ್ಯಕ್ಕೂ ದವಸ ಧಾನ್ಯ ಒದಗಿಸುವವರು. ಆ ದಾರಿಯಲ್ಲಿ ಪೂರ್ಣಯ್ಯನವರು ಪಟ್ಟಣಕ್ಕೆ ಬಂದರು. ಅಲ್ಲಿಂದ ಹೈದರಾಲಿಯ ಕಣ್ಣಿಗೆ ಬಿದ್ದರು. ಹೈದರಾಲಿ ಓದು ಬರಹ ಬಲ್ಲವರಲ್ಲ. ಆದರೆ ಅವರ ನೆನಪಿನ ಶಕ್ತಿ ಬಲು ದೊಡ್ಡದು. ಲೆಕ್ಕವನ್ನು ಕಿವಿಯಿಂದ ಕೇಳಿ ತಪ್ಪನ್ನು ಹಿಡಿಯುತ್ತಿದ್ದರೆಂದು ಹೇಳುತ್ತಾರೆ. ಅಂಥವರ ಮುಂದೆ ಕಾಗದ ನೋಡಿ ತಡವರಿಸುವ ಗುಮಾಸ್ತೆ ನಿಲ್ಲಲಾರ. ಪೂರ್ಣಯ್ಯನವರು ನಿಂತರು. ಬರಬರುತ್ತ ಹಣಕಾಸಿನ ಮುಖ್ಯ ಹೊಣೆ ಅವರದೂ ತೋಷಖಾನೆಯ ಕೃಷ್ಣರಾಯರದೂ ಆಯಿತು. ದಂಡು ಹೊರಟಾಗಲೆಲ್ಲ ಇವರೂ ಜೊತೆಯಲ್ಲಿ ಹೊರಡುತ್ತಿದ್ದರು, ಏಕೆಂದರೆ ಆಗಿನ ಖಜಾನೆ ಎತ್ತಿನ ಬೆನ್ನ ಮೇಲೆ ದಂಡಿನೊಡನೆಯೇ ಸಾಗುತ್ತಿತ್ತು.

ಅವರ ಜೀವನದ ದೊಡ್ಡ ಪರೀಕ್ಷೆ ಬಂದದ್ದು 1782ರ ಡಿಸೆಂಬರಿನಲ್ಲಿ. ಇಂಗ್ಲಿಷರೊಡನೆ ಎರಡನೆಯ ಯುದ್ಧ ನಡೆಯುತ್ತಿತ್ತು. ಚಿತ್ತೂರಿನ ಬಳಿ ನರಸಿಂಗರಾಯನಪೇಟೆಯ ಶಿಬಿರದಲ್ಲಿ ಹೈದರಾಲಿ ಬೆನ್ನಿನ ಮೇಲೆ ಎದ್ದ ಹುಣ್ಣಿನಿಂದ ನರಳಿ ಡಿಸೆಂಬರ್ 7ರಂದು ತೀರಿಕೊಂಡರು. ಮಗ ಟಿಪ್ಪು ಇದ್ದದ್ದು ದೂರದ ಮಲಬಾರಿನಲ್ಲಿ, ಪೊನ್ನಾನಿಯ ಕಡೆ, ಇನ್ನೊಂದು ಇಂಗ್ಲಿಷ್ ಪಡೆಯ ಎದುರು. ಒಂದು ಕಡಲ ಕಡೆಯಿಂದ ಇನ್ನೊಂದು ಕಡಲ ಕಡೆಗೆ ಸುದ್ದಿ ಹೋಗಬೇಕು, ಅಲ್ಲಿಂದ ಅವರು ಬರಬೇಕು. ಅಲ್ಲಿಯವರೆಗೆ ಹತ್ತಾರು ಸಾವಿರ ಜನರ ದಂಡು ದೊರೆಯಿಲ್ಲದೆ ನಿಲ್ಲಬೇಕು. ಆಗಿನ ಸೈನ್ಯ ದೇಶಕ್ಕಾಗಿ ನಿಲ್ಲುವ ಸೈನ್ಯವಲ್ಲ. ಸಂಬಳ ಕೊಡುವ ದಣಿ ಇದ್ದಾನೆಂಬ ನಂಬಿಕೆಯಲ್ಲಿ ನಿಲ್ಲುವ ಸೈನ್ಯ. ದಣಿ ಸತ್ತನೆಂದು ತಿಳಿದರೆ ಸಂಬಳದ ಬಾಕಿಗಾಗಿ ಖಜಾನೆಯ ಮೇಲೇ ಬೀಳಬಹುದು, ಇಲ್ಲವೆ ಒಬ್ಬೊಬ್ಬ ಸರದಾರ ಒಬ್ಬೊಬ್ಬ ಹೊಸ ದೊರೆಯನ್ನು ಹುಟ್ಟಿಸಬಹುದು.

ಪೂರ್ಣಯ್ಯನವರೂ ಕೃಷ್ಣರಾಯರೂ ಕೆಲವೇ ಜನ ನಂಬಿಗಸ್ತರೊಡನೆ ಸೇರಿ ಸಾವಿನ ಸುದ್ದಿಯನ್ನು ಹೊರಗೆ ಬಿಡಲಿಲ್ಲ. ಹೈದರಾಲಿಯ ದೇಹವನ್ನು ಸುಗಂಧದ್ರವ್ಯ ತುಂಬಿದ ದೊಡ್ಡ ಪೆಟ್ಟಿಗೆಯಲ್ಲಿಟ್ಟು, ಹಣದ ಪೆಟ್ಟಿಗೆಯನ್ನು ಕಳುಹಿಸುವ ರೀತಿಯಲ್ಲೇ ಕಾವಲಿನೊಡನೆ ಕೋಲಾರಕ್ಕೆ ಕಳುಹಿಸಿದರು. ಅಲ್ಲಿ ಅವರ ತಂದೆಯ ಸಮಾಧಿಯಿತ್ತು. ಶ್ರೀರಂಗಪಟ್ಟಣದ ಗುಂಬಜ್‌ಗೆ ದೇಹ ಹೋದದ್ದು ಆಮೇಲೆ. ಶಿಬಿರದಲ್ಲಿ ಮಾತ್ರ ಎಲ್ಲ ಎಂದಿನಂತೆಯೇ ಇತ್ತು. ವೈದ್ಯರು ಡೇರೆಗೆ ಬಂದು ಹೋಗುತ್ತಿದ್ದರು. ದಿನದ ಕಾಗದಗಳು ಒಳಗೆ ಹೋಗಿ ಅಪ್ಪಣೆಯಾಗಿ ಹೊರಗೆ ಬರುತ್ತಿದ್ದವು. ಬಾಗಿಲು ಮುಚ್ಚಿದ ಪಲ್ಲಕ್ಕಿ ದಂಡಿನ ಜೊತೆ ಸಾಗುತ್ತಿತ್ತು. ದೊರೆಗೆ ಕಾಯಿಲೆ, ದರ್ಶನವಿಲ್ಲ, ಅಷ್ಟೆ.

ಸೋರಿಕೆ ಆಗಲೇ ಇಲ್ಲವೆಂದಲ್ಲ. ಹೈದರಾಲಿಯ ಬಂಧು ಮಹಮ್ಮದ್ ಅಮೀನನೂ ಒಬ್ಬ ಬಕ್ಷಿಯೂ ಸೇರಿ, ಹೈದರಾಲಿಯ ಎರಡನೆಯ ಮಗನನ್ನು ಹೆಸರಿಗೆ ಕೂಡಿಸಿ ಅಧಿಕಾರ ಹಿಡಿಯುವ ಸಂಚು ಹೂಡಿದರು. ಸಂಚು ಸಮಯಕ್ಕೆ ಬಯಲಾಯಿತು. ಗದ್ದಲವಿಲ್ಲದೆ ಅವರನ್ನು ಸೆರೆ ಹಿಡಿದದ್ದಾಯಿತು, ಅದೂ ಹೈದರಾಲಿಯ ಅಪ್ಪಣೆಯೆಂಬ ಹೆಸರಿನಲ್ಲೇ. ಕೆಲವು ವಾರಗಳಲ್ಲಿ ಟಿಪ್ಪು ಬಂದು ಸೇರಿದರು. ಅವರ ಕೈಗೆ ಒಡೆಯದ ದಂಡು, ಕರಗದ ಖಜಾನೆ ಎರಡೂ ಬಂದವು. ಮದ್ರಾಸಿನ ಇಂಗ್ಲಿಷರಿಗೆ ಸುದ್ದಿ ಮುಟ್ಟಿದ್ದರೂ ಅವರು ಅದರ ಲಾಭ ಪಡೆಯುವಷ್ಟು ಬೇಗ ಹೊರಡಲಿಲ್ಲ.

ಪಾಠಪುಸ್ತಕದಲ್ಲಿ ಈ ಘಟನೆಗೆ ಒಂದೆರಡು ಸಾಲು ಸಿಗುವುದೂ ಕಷ್ಟ. ಯುದ್ಧ ಗೆದ್ದವರ ಹೆಸರು ಬರುತ್ತದೆ, ಏನೂ ಆಗದಂತೆ ನೋಡಿಕೊಂಡವರ ಹೆಸರು ಬರುವುದಿಲ್ಲ. ನಾನು ಇದನ್ನು ಇಷ್ಟು ವಿಸ್ತಾರವಾಗಿ ಬರೆದದ್ದು ಅದಕ್ಕೇ. ಒಳ್ಳೆಯ ಪಾರುಪತ್ತೇಗಾರನ ಕೆಲಸ ಹೆಚ್ಚಿನ ಸಲ ಕಣ್ಣಿಗೇ ಕಾಣುವುದಿಲ್ಲ. ಆ ಶಿಬಿರದಲ್ಲಿ ದಿನದ ಅಕ್ಕಿ, ಹುಲ್ಲು, ಸಂಬಳ ಹೊತ್ತಿಗೆ ಸರಿಯಾಗಿ ಬಟವಾಡೆಯಾಗದೆ ಹೋಗಿದ್ದರೆ ಮುಚ್ಚಿದ ಪಲ್ಲಕ್ಕಿಯನ್ನು ಯಾರು ನಂಬುತ್ತಿದ್ದರು? ತಿಂಗಳ ಸಂಬಳ ನಾಲ್ಕು ದಿನ ತಡವಾದರೆ ಕಚೇರಿಯ ಗಾಳಿಯೇ ಬದಲಾಗುವುದನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ.

ಟಿಪ್ಪು ಸುಲ್ತಾನರು ತಂದೆಯಂತಲ್ಲ. ಓದಿದವರು, ಎಲ್ಲವನ್ನೂ ಬರಹದ ಕಟ್ಟಳೆಯಲ್ಲಿ ತರಬೇಕೆಂಬ ಹಟದವರು. ತೂಕ, ಅಳತೆ, ನಾಣ್ಯ, ಪಂಚಾಂಗ, ಊರುಗಳ ಹೆಸರು ಎಲ್ಲವನ್ನೂ ಬದಲಾಯಿಸಿದರು. ಇಲಾಖೆಗೊಂದು ಕಚೇರಿ, ಕಚೇರಿಗೊಂದು ನಿಯಮ ಮಾಡಿದರು. ಕಂದಾಯದ ಇಲಾಖೆಯಲ್ಲಿ ಪೂರ್ಣಯ್ಯನವರು ಮುಖ್ಯರಾಗಿ ಉಳಿದರು. ಹಳೆಯ ದಣಿ ಬಾಯಿಮಾತಿನವರು, ಹೊಸ ದಣಿ ಕಾಗದದವರು. ಇಬ್ಬರಿಗೂ ಒಪ್ಪುವ ಹಾಗೆ ಕೆಲಸ ಮಾಡುವುದು ಸುಲಭವಲ್ಲ. ಅಪಾಯವೂ ಕಡಿಮೆಯಿರಲಿಲ್ಲ. ಹೈದರಾಲಿಯ ಸಾವನ್ನು ಜೊತೆಯಲ್ಲೇ ಮುಚ್ಚಿಟ್ಟ ಕೃಷ್ಣರಾಯರು, ಮೂರನೆಯ ಯುದ್ಧದ ಕಾಲದಲ್ಲಿ ರಾಜದ್ರೋಹದ ಅನುಮಾನಕ್ಕೆ ಸಿಕ್ಕಿ ಮರಣದಂಡನೆಗೆ ಗುರಿಯಾದರು. ಅಕ್ಕಪಕ್ಕದಲ್ಲಿ ಕೂತು ಲೆಕ್ಕ ಬರೆದ ಗೆಳೆಯನಿಗೆ ಹಾಗಾದ ಮೇಲೂ ಪೂರ್ಣಯ್ಯನವರು ಮರುದಿನ ಕಚೇರಿಗೆ ಹೋಗಬೇಕಾಗಿತ್ತು.

1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು 3 ಕೋಟಿ 30 ಲಕ್ಷ ರೂಪಾಯಿ ದಂಡ ತೆರಬೇಕಾಯಿತು. ಹಣ ಸಲ್ಲುವವರೆಗೆ ಇಬ್ಬರು ಚಿಕ್ಕ ಮಕ್ಕಳು ಇಂಗ್ಲಿಷರ ಬಳಿ ಒತ್ತೆ. 1794ರ ಹೊತ್ತಿಗೆ ಲೆಕ್ಕ ತೀರಿ ಮಕ್ಕಳು ಹಿಂದಿರುಗಿದರು. ಅರ್ಧವಾದ ರಾಜ್ಯದಿಂದ ಆ ಹಣ ಹುಟ್ಟಿದ್ದು ದೊಡ್ಡ ಕೆಲಸವೇ. ಆದರೆ ಅದು ಹುಟ್ಟಿದ್ದು ರೈತನ ಕಣಜದಿಂದ, ವರ್ತಕನ ಗಲ್ಲಾದಿಂದ. ವಸೂಲಿಯ ಹೊಣೆ ಹೊತ್ತವರಲ್ಲಿ ಪೂರ್ಣಯ್ಯನವರೂ ಒಬ್ಬರು ಎಂಬುದನ್ನು ಮರೆಮಾಚಬೇಕಾಗಿಲ್ಲ.

1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಹೋರಾಡುತ್ತ ಸತ್ತರು. ಒಳಗಿನವರ ದ್ರೋಹದ ಮಾತು ಬಂದಾಗಲೆಲ್ಲ ಮೀರ್ ಸಾದಿಕನ ಹೆಸರಿನ ಜೊತೆಗೆ ಪೂರ್ಣಯ್ಯನವರ ಹೆಸರನ್ನೂ ಕೆಲವರು ಸೇರಿಸುತ್ತಾರೆ. ಇತಿಹಾಸಕಾರರಲ್ಲಿ ಈ ಬಗ್ಗೆ ಒಮ್ಮತವಿಲ್ಲ. ನನಗೆ ತೂಕದ್ದಾಗಿ ಕಾಣುವ ಸಂಗತಿ ಬೇರೊಂದಿದೆ. ಕೋಟೆ ಬಿದ್ದ ಮೇಲೆ ಪೂರ್ಣಯ್ಯನವರು ಇಂಗ್ಲಿಷರ ಮುಂದೆ ಮೊದಲು ಇಟ್ಟ ಸಲಹೆ, ಟಿಪ್ಪುವಿನ ಹಿರಿಯ ಮಗ ಫತೇ ಹೈದರನನ್ನೇ ಕಪ್ಪ ಒಪ್ಪಿಸಿಕೊಂಡು ಗದ್ದುಗೆಯ ಮೇಲೆ ಕೂಡಿಸಬೇಕು, ಆಗಲೇ ಸೈನ್ಯ ಸಮಾಧಾನಗೊಳ್ಳುತ್ತದೆ ಎಂಬುದು. ಮೊದಲೇ ಮಾರಿಕೊಂಡವರು ಹೀಗೆ ಕೇಳುತ್ತಾರೆಯೆ? ಇಂಗ್ಲಿಷರು ಒಪ್ಪಲಿಲ್ಲ. ಹಳೆಯ ಒಡೆಯರ ವಂಶದ ಐದು ವರ್ಷದ ಮಗು ಕೃಷ್ಣರಾಜರನ್ನು ದೊರೆಯಾಗಿ ಆರಿಸಿದರು. 1799ರ ಜೂನ್ 30ರಂದು, ಅರಮನೆಯೂ ಇಲ್ಲದ ಮೈಸೂರಿನಲ್ಲಿ, ಚಪ್ಪರದ ಕೆಳಗೆ ಪಟ್ಟಾಭಿಷೇಕ ನಡೆಯಿತು. ಪೂರ್ಣಯ್ಯನವರು ದಿವಾನರಾದರು.

ಮಹಾರಾಣಿ ಲಕ್ಷ್ಮಮ್ಮಣ್ಣಿಯವರಿಗೆ ಇದು ಸಂತೋಷದ ವಿಷಯವಾಗಿರಲಿಲ್ಲ. ತಮ್ಮ ವಂಶವನ್ನು ಮತ್ತೆ ಗದ್ದುಗೆಗೆ ತರಲು ಅವರು ವರ್ಷಗಟ್ಟಲೆ ಗುಟ್ಟಾಗಿ ಇಂಗ್ಲಿಷರೊಡನೆ ವ್ಯವಹರಿಸಿದ್ದರು. ಅವರ ಪರವಾಗಿ ಓಡಾಡಿದ ತಿರುಮಲರಾಯರಿಗೆ ಪ್ರಧಾನಿಯ ಸ್ಥಾನ ಸಲ್ಲಬೇಕೆಂಬುದು ಅವರ ಮನಸ್ಸಿನಲ್ಲಿತ್ತು. ನ್ಯಾಯವಾಗಿ ನೋಡಿದರೆ ಅದು ತಪ್ಪೂ ಅಲ್ಲ. ಕಷ್ಟಪಟ್ಟವರು ಒಬ್ಬರು, ಕುರ್ಚಿ ಸಿಕ್ಕಿದ್ದು ಶತ್ರುವಿನ ಮಂತ್ರಿಗೆ. ಆದರೆ ಯಾವ ತಾಲ್ಲೂಕಿನ ಹುಟ್ಟುವಳಿ ಎಷ್ಟು, ಯಾವ ಕೆರೆಗೆ ಎಷ್ಟು ಅಚ್ಚುಕಟ್ಟು, ಯಾವ ಕಿಲ್ಲೇದಾರನ ಬಾಯಿ ದೊಡ್ಡದು ಕೈ ಚಿಕ್ಕದು ಎಂಬುದೆಲ್ಲ ಗೊತ್ತಿದ್ದದ್ದು ಪೂರ್ಣಯ್ಯನವರಿಗೆ. ಇಂಗ್ಲಿಷರು ನೋಡಿದ್ದು ಅದನ್ನು. ಮಹಾರಾಣಿಯವರೂ ಕೊನೆಗೆ ಒಪ್ಪಿಕೊಂಡರು.

ಕೈಗೆ ಬಂದ ರಾಜ್ಯದ ಸ್ಥಿತಿಯನ್ನು ಒಂದು ಕ್ಷಣ ನೆನೆಯಬೇಕು. ಎರಡು ಯುದ್ಧಗಳಲ್ಲಿ ದಂಡುಗಳು ತುಳಿದ ಹೊಲಗಳು. ಒಡೆದ ಕೆರೆಗಳು. ಕೆಲಸ ಕಳೆದುಕೊಂಡು ಕತ್ತಿ ಹಿಡಿದೇ ಅಲೆಯುವ ಸಾವಿರಾರು ಸಿಪಾಯಿಗಳು. ಕೋಟೆ ಬಿದ್ದ ಗದ್ದಲದಲ್ಲಿ ಸೆರೆಯಿಂದ ತಪ್ಪಿಸಿಕೊಂಡ ಧೋಂಡಿಯಾ ವಾಘ್ ಅಂಥವರನ್ನೇ ಸೇರಿಸಿಕೊಂಡು ಉತ್ತರದಲ್ಲಿ ದೊಡ್ಡ ದಂಡು ಕಟ್ಟಿದ್ದ. ಇದರ ಮೇಲೆ ಕಂಪನಿಗೆ ಸಲ್ಲಿಸಬೇಕಾದ ಸಹಾಯಧನ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಎಂದರೆ ಸುಮಾರು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ. ರಾಜ್ಯದ ಹುಟ್ಟುವಳಿಯ ಅರ್ಧದಷ್ಟು ಅದಕ್ಕೇ ಹೋಗುತ್ತಿತ್ತು. ಹಣ ಬರುವುದು ಅನುಮಾನವೆಂದು ಕಂಡರೆ ರಾಜ್ಯವನ್ನೇ ಕಂಪನಿ ವಶಕ್ಕೆ ತೆಗೆದುಕೊಳ್ಳಬಹುದೆಂಬ ಷರತ್ತೂ ಒಪ್ಪಂದದಲ್ಲಿತ್ತು.

ಪೂರ್ಣಯ್ಯನವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಕಂದಾಯದ ಹಳೆಯ ಬಾಕಿಯನ್ನೆಲ್ಲ ಮನ್ನಾ ಮಾಡಿದ್ದು. ಹಣದ ಮುಗ್ಗಟ್ಟು ಇರುವಾಗ ಬಾಕಿ ಬಿಡುವುದೆಂದರೆ ಹೊಸಬರಿಗೆ ಹುಚ್ಚುತನವೆನಿಸೀತು. ಲೆಕ್ಕ ಬಲ್ಲವರಿಗೆ ಮಾತ್ರ, ಬರಲಾರದ ಬಾಕಿ ಕಡತದಲ್ಲಿ ಕೂತಿರುವವರೆಗೆ ರೈತ ಬಿಟ್ಟ ಊರಿಗೆ ತಿರುಗಿ ಬರುವುದಿಲ್ಲ, ಅವನು ಬರದಿದ್ದರೆ ಮುಂದಿನ ಕಂದಾಯವೂ ಇಲ್ಲ ಎಂಬುದು ತಿಳಿದಿರುತ್ತದೆ. ಎರಡನೆಯದು, ಅಲೆಯುವ ಸಿಪಾಯಿಗಳಿಗೆ ಕೆಲಸ ಕೊಟ್ಟದ್ದು. ಕುದುರೆಯವರನ್ನು ಸಿಲ್ಲೇದಾರರಾಗಿ ಸೇರಿಸಿಕೊಂಡರು. ಕಾಲಾಳುಗಳನ್ನು ಕಂದಾಚಾರದ ಪಡೆಗೆ ಹಾಕಿ ಊರ ಕಾವಲಿಗೂ ಕಂದಾಯದ ಕೆಲಸಕ್ಕೂ ಬಳಸಿಕೊಂಡರು. ಪಾಳೆಯಗಾರರಲ್ಲಿ ಕೆಲವರಿಗೆ ವರ್ಷಾಶನ, ಬಗ್ಗದವರ ಮೇಲೆ ದಂಡು. ಧೋಂಡಿಯಾನ ಬೆನ್ನು ಹತ್ತಿದ ಆರ್ಥರ್ ವೆಲ್ಲೆಸ್ಲಿಗೆ ದವಸ, ಎತ್ತು, ಕುದುರೆ ಸವಾರರನ್ನು ಹೊತ್ತಿಗೆ ಸರಿಯಾಗಿ ಒದಗಿಸಿದವರು ಪೂರ್ಣಯ್ಯನವರು. 1800ರ ಸೆಪ್ಟೆಂಬರಿನಲ್ಲಿ ಧೋಂಡಿಯಾ ಯುದ್ಧದಲ್ಲಿ ಸತ್ತ. ಮುಂದೆ ನೆಪೋಲಿಯನ್ನನನ್ನು ಸೋಲಿಸಿ ವೆಲ್ಲಿಂಗ್‌ಟನ್ ಡ್ಯೂಕ್ ಎನಿಸಿಕೊಂಡದ್ದು ಇದೇ ವೆಲ್ಲೆಸ್ಲಿ. ದಂಡಿಗೆ ಊಟ ಮುಟ್ಟಿಸುವ ವಿದ್ಯೆಯನ್ನು ಅವರು ಚೆನ್ನಾಗಿ ಕಲಿತದ್ದು ನಮ್ಮ ಸೀಮೆಯಲ್ಲಿ.

ಕಾವೇರಿಗೆ ಶ್ರೀರಂಗಪಟ್ಟಣದಲ್ಲಿ 1804ರಲ್ಲಿ ಮುಗಿದ ಕಲ್ಲಿನ ಸೇತುವೆ ಅವರ ಕಾಲದ್ದು. ಅದಕ್ಕೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟರು. ಕಂಬಗಳೂ ಮೇಲಿನ ತೊಲೆಗಳೂ ನಮ್ಮ ಕಲ್ಲುಕುಟಿಗರ ಕೈಯಲ್ಲಿ ಆದ ಕಲ್ಲುಗಳೇ, ನಮ್ಮ ಕಟ್ಟಡದ ರೀತಿಯೇ. ಎಷ್ಟೋ ದೊಡ್ಡ ನೆರೆಗಳನ್ನು ಕಂಡು ಅದು ಈಗಲೂ ನಿಂತಿದೆ. ಕೆರೆ ಕಾಲುವೆಗಳ ದುರಸ್ತಿಗೂ ಅವರು ಹಣ ಹಾಕಿದರು. ಎಲ್ಲವೂ ಗೆದ್ದಿತೆಂದಲ್ಲ. ಕಾವೇರಿ ನೀರನ್ನು ಕಾಲುವೆಯಲ್ಲಿ ಮೈಸೂರು ಪಟ್ಟಣಕ್ಕೆ ತರಬೇಕೆಂದು ಹೊರಟ ಕೆಲಸ ಬಹಳ ಹಣ ತಿಂದು ನಿಂತುಹೋಯಿತು. ಮೈಸೂರಿನವರು ಈಗಲೂ ಪೂರ್ಣಯ್ಯನ ನಾಲೆ ಎನ್ನುವುದು ನೀರು ಬಾರದ ಆ ಕಾಲುವೆಯ ಉಳಿಕೆಯನ್ನೇ. ಅಮೃತಮಹಲಿನ ದನಗಳ ವಿಷಯದಲ್ಲೂ ಅವರ ಆಡಳಿತಕ್ಕೆ ಒಳ್ಳೆಯ ಹೆಸರು ಬರಲಿಲ್ಲ. ಹೈದರ್, ಟಿಪ್ಪು ಕಾಲದಲ್ಲಿ ಹುರಿಯಾಗಿದ್ದ ಆ ತಳಿ ಮೈಸೂರು ಸರ್ಕಾರದ ವಶದಲ್ಲಿ ಕ್ಷೀಣಿಸುತ್ತ ಬಂದು, 1813ರಲ್ಲಿ ಕಂಪನಿಯವರು ಅದನ್ನು ತಮ್ಮ ಅಧಿಕಾರಿಯ ಕೈಗೆ ತೆಗೆದುಕೊಂಡರು. ಎಲ್ಲವನ್ನೂ ಅಂಕಿಯಲ್ಲಿ ನೋಡುವವರಿಗೆ ಹಟ್ಟಿಯ ಕೆಲಸ ಅಷ್ಟಾಗಿ ಕಾಣಲಿಲ್ಲವೇನೋ ಎಂದು ನನ್ನ ಊಹೆ.

ಅವರ ದಿವಾನಗಿರಿಯ ಬಗ್ಗೆ ನಿಜವಾದ ತಕರಾರು ಇರುವುದು ಎರಡು ಕಡೆ. ಒಂದು, ಖಜಾನೆ. ಹನ್ನೆರಡು ವರ್ಷಗಳಲ್ಲಿ ಕಂಪನಿಯ ಕಂತು ತಪ್ಪದೆ ಕಟ್ಟಿಯೂ ಅವರು ಉಳಿಸಿದ ಹಣ ಎರಡು ಕೋಟಿ ರೂಪಾಯಿಗೂ ಮೇಲಿತ್ತೆಂದು ಹೇಳುತ್ತಾರೆ. ಆ ಕಾಲಕ್ಕೆ ಊಹಿಸಲಾರದ ಮೊತ್ತ. ರಾಜ್ಯವನ್ನೇ ಕಿತ್ತುಕೊಳ್ಳುವ ಷರತ್ತು ತಲೆಯ ಮೇಲೆ ತೂಗುತ್ತಿರುವಾಗ ಕೂಡಿಡುವುದು ವಿವೇಕವೆಂದು ಅವರ ಪರವಾಗಿ ವಾದಿಸಬಹುದು. ಮಳೆ ಹೋದ ವರ್ಷವೂ ಕಂಪನಿ ಕಂತು ಕೇಳುತ್ತದೆ. ಆದರೆ ಅಷ್ಟು ಹಣ ಪೆಟ್ಟಿಗೆಯಲ್ಲಿ ಕೂತಿದ್ದಾಗ ರೈತನ ಮೇಲಿನ ಹೊರೆಯನ್ನು ಇನ್ನಷ್ಟು ಇಳಿಸಬಹುದಿತ್ತಲ್ಲ ಎಂಬ ಮಾತಿಗೆ ನೇರ ಉತ್ತರವಿಲ್ಲ. ಕೆಳಗಿನ ಅಮಲ್ದಾರರು ಮೇಲಿನವರ ಮನಸ್ಸನ್ನು ಬೇಗ ಓದುತ್ತಾರೆ. ದಿವಾನರಿಗೆ ತುಂಬಿದ ಖಜಾನೆ ಇಷ್ಟವೆಂದು ತಿಳಿದರೆ ಊರಿನಲ್ಲಿ ಶಾನುಭೋಗರ ಮುಂದೆ ನಿಂತ ರೈತನಿಗೆ ಏನಾಗುತ್ತದೆಂದು ನಮ್ಮ ಹಳ್ಳಿಯ ಹಿರಿಯರಿಗೆ ಹೇಳಿಕೊಡಬೇಕಾಗಿಲ್ಲ.

ಎರಡನೆಯ ತಕರಾರು ನನಗೆ ಇನ್ನೂ ದೊಡ್ಡದೆನಿಸುತ್ತದೆ. ಅವರು ತಮ್ಮ ನಂತರದವರನ್ನು ತಯಾರು ಮಾಡಲಿಲ್ಲ. ಬಾಲಕ ದೊರೆ ಬೆಳೆಯುತ್ತಿದ್ದರು. ಸಂಸ್ಕೃತ, ಪಾರ್ಸಿ, ಕುದುರೆ ಸವಾರಿ ಎಲ್ಲ ಕಲಿತರು. ರಾಜ್ಯದ ಲೆಕ್ಕ ಮಾತ್ರ ದಿವಾನರ ಕೈಯಲ್ಲೇ ಉಳಿಯಿತು. ಎಲ್ಲ ಕಾಗದವೂ ಅವರ ಮುಂದೆಯೇ ಬರಬೇಕು, ಎಲ್ಲ ಅಪ್ಪಣೆಯೂ ಅವರಿಂದಲೇ ಹೋಗಬೇಕು. ಮೂವತ್ತು ವರ್ಷ ಅನುಮಾನದ ಕಣ್ಣುಗಳ ಮುಂದೆ ಬದುಕಿದ ಮನುಷ್ಯನಿಗೆ ಇನ್ನೊಬ್ಬರ ಕೈಗೆ ಬೀಗದ ಕೈ ಕೊಡುವುದು ಕಷ್ಟವಾಗಿರಬೇಕು. 1810ರಲ್ಲಿ ಮಹಾರಾಣಿಯವರು ತೀರಿಕೊಂಡ ಮೇಲೆ ದೊರೆಗೂ ದಿವಾನರಿಗೂ ನಡುವೆ ಇದ್ದ ಒಂದು ತಡೆಯೂ ಹೋಯಿತು. ಹದಿನಾರು ತುಂಬಿದ ಕೃಷ್ಣರಾಜರು ತಾವೇ ಆಳಬೇಕೆಂದರು. ಪೂರ್ಣಯ್ಯನವರು ಒಲ್ಲದ ಮನಸ್ಸಿನಿಂದಲೇ ಅಧಿಕಾರ ಬಿಟ್ಟರು. ಇದು ನಡೆದದ್ದು 1811ರಲ್ಲಿ.

ಹೀಗೆ ತುಂಬಿದ ಖಜಾನೆಯನ್ನು, ಅದನ್ನು ನೋಡಿಕೊಳ್ಳುವ ಅಭ್ಯಾಸವಿಲ್ಲದ ಹುಡುಗನ ಕೈಗೆ ಒಪ್ಪಿಸಿದಂತಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು ಉದಾರಿಗಳು; ಕವಿಗಳಿಗೆ, ವಿದ್ವಾಂಸರಿಗೆ, ಸಂಗೀತಗಾರರಿಗೆ, ದೇವಸ್ಥಾನಗಳಿಗೆ ಅವರಿಂದ ಸಂದದ್ದನ್ನು ಕನ್ನಡ ನಾಡು ಮರೆಯಬಾರದು. ಆದರೆ ಹಣ ಕರಗಿತು. ತಾಲ್ಲೂಕುಗಳ ಕಂದಾಯವನ್ನು ಷರತ್ತಿನ ಮೇಲೆ ವಹಿಸಿಕೊಡುವ ಪದ್ಧತಿ ಬಂದು ರೈತರು ಬಳಲಿದರು. 1830ರಲ್ಲಿ ನಗರ ಸೀಮೆಯಲ್ಲಿ ದಂಗೆ ಎದ್ದಿತು. 1831ರಲ್ಲಿ ಕಂಪನಿ ಅದೇ ಹಳೆಯ ಷರತ್ತನ್ನು ತೋರಿಸಿ ಆಡಳಿತವನ್ನು ಕಿತ್ತುಕೊಂಡಿತು. ಅದು ಒಡೆಯರ ಮನೆಗೆ ಮರಳಿದ್ದು 1881ರಲ್ಲಿ. ತಪ್ಪನ್ನೆಲ್ಲ ದೊರೆಯ ತಲೆಗೆ ಕಟ್ಟಿದ ಇಂಗ್ಲಿಷರ ಬರಹವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕಲಿಸಬೇಕಾದವರು ಕಲಿಸದೆ ಇದ್ದದ್ದೂ ಲೆಕ್ಕಕ್ಕೆ ಬರಬೇಕು.

ಹಾಗಾದರೆ ಗೋಸುಂಬೆಯೋ, ದಕ್ಷರೋ? ಪೂರ್ಣಯ್ಯನವರು ಹೈದರಾಲಿ ಸತ್ತಾಗ ಖಜಾನೆಯನ್ನು ತಮ್ಮದಾಗಿ ಮಾಡಿಕೊಳ್ಳಬಹುದಾಗಿತ್ತು. ಮಾಡಿಕೊಳ್ಳದೆ ಅದರ ವಾರಸುದಾರನಿಗೆ ಒಪ್ಪಿಸಿದರು. ಟಿಪ್ಪು ಸತ್ತಾಗ ಮೊದಲು ಅವರ ಮಗನ ಪರವಾಗಿ ಮಾತಾಡಿದರು. ಒಡೆಯರ ಖಜಾನೆಯನ್ನೂ ಕೂಡಿಟ್ಟು ಒಪ್ಪಿಸಿದರು. ಒಪ್ಪಿಸಿದ ಲೆಕ್ಕಕ್ಕೆ ಅವರು ಎಂದೂ ದ್ರೋಹ ಮಾಡಲಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಆದರೆ ಆ ಲೆಕ್ಕ ಯಾರಿಗಾಗಿ, ಯಾರ ಹೊಟ್ಟೆ ಕಟ್ಟಿ ಎಂದು ಕೇಳುವ ಕೆಲಸವನ್ನು ಅವರು ಹೆಚ್ಚಾಗಿ ಯಜಮಾನರಿಗೆ ಬಿಟ್ಟರು. ಯಜಮಾನ ಹೇಳಿದ್ದನ್ನು ಚೆನ್ನಾಗಿ ಮಾಡಿದರೆ ಸಾಕು ಎಂದು ಈಗಿನ ಮ್ಯಾನೇಜರಿಕೆಯ ಪಾಠಗಳಲ್ಲೂ ಎಷ್ಟೋ ಸಲ ಹೇಳಿಕೊಡುತ್ತಾರೆ. ಅಲ್ಲಿ ಓದುತ್ತಿರುವ ನಮ್ಮ ಮಕ್ಕಳು ರಜೆಗೆ ಬಂದಾಗ ಇದನ್ನು ಊರಿನವರ ಜೊತೆ ಕೂತು ಚರ್ಚೆ ಮಾಡಲಿ.

ನಮ್ಮ ಜಿಲ್ಲೆಯ ಯಳಂದೂರಿಗೂ ಪೂರ್ಣಯ್ಯನವರಿಗೂ ಇರುವ ನಂಟನ್ನು ಹೇಳದೆ ಹೋದರೆ ಲೋಪವಾದೀತು. 1807ರಲ್ಲಿ ಅವರ ಸೇವೆಗಾಗಿ ಯಳಂದೂರನ್ನು ಜಹಗೀರಾಗಿ ಕೊಡಲಾಯಿತು. ಅದು ಅವರ ವಂಶದವರಿಗೆ ನಡೆದುಬಂತು. ಆ ಮನೆತನದ ಸರ್ ಪಿ.ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು ಅವರ ಕಾಲದಲ್ಲಿ, 1905ರಲ್ಲಿ. ಯಳಂದೂರಿನ ಜಹಗೀರ್ದಾರರ ಬಂಗಲೆಯನ್ನು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ನಮ್ಮವರು ಹೊರಗಿನಿಂದ ನೋಡಿಯೇ ಇರುತ್ತಾರೆ. ಒಮ್ಮೆ ಬಸ್ಸಿಳಿದು ಒಳಗೂ ನೋಡಬಹುದು.

ಅಧಿಕಾರ ಬಿಟ್ಟ ಪೂರ್ಣಯ್ಯನವರು ಜಹಗೀರಿಗೆ ಬಂದು ನೆಲೆಸಲಿಲ್ಲ. ತಾವು ಹುಡುಗನಾಗಿ ಲೆಕ್ಕ ಬರೆಯಲು ಬಂದ ಶ್ರೀರಂಗಪಟ್ಟಣದಲ್ಲೇ ಉಳಿದರು. ಆ ಹೊತ್ತಿಗೆ ಅದು ರಾಜಧಾನಿಯಲ್ಲ. ಕೋಟೆಯಲ್ಲಿ ಕಂಪನಿಯ ಪಹರೆ, ಬೀದಿಗಳಲ್ಲಿ ಖಾಲಿ ಮನೆಗಳು. ದಿವಾನಗಿರಿ ಬಿಟ್ಟು ಒಂದು ವರ್ಷವೂ ತುಂಬಿರಲಿಲ್ಲ. 1812ರ ಮಾರ್ಚಿನಲ್ಲಿ, ಅರುವತ್ತಾರನೆಯ ವಯಸ್ಸಿನ ಹೊತ್ತಿಗೆ, ಅಲ್ಲಿಯೇ ತೀರಿಕೊಂಡರು.